ಕಾಣದ ಕಿರಣದ ಲೆಕ್ಕ
(ವಾಚನಾಲಯದ ರವಿವಾರದ ಸಭೆಯಲ್ಲಿ ಮಾಡಿದ ಭಾಷಣ)



ವಿಕಿರಣದ ಅಳತೆಯ ವಿಷಯವಾಗಿ ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳು ನನಗೆ ಅಪ್ಪಣೆ ಮಾಡಿದ್ದಾರೆ. ನಾನು ವಿಜ್ಞಾನಿಯಲ್ಲ, ಡಾಕ್ಟರನೂ ಅಲ್ಲ. ಮ್ಯಾಟ್ರಿಕ್ ಮುಗಿಸಿ ಗಿರಣಿಯ ಕಚೇರಿಯಲ್ಲಿ ಮಸ್ಟರು ಬರೆಯುವ ಗುಮಾಸ್ತ. ಲೆಕ್ಕವೊಂದೇ ನನಗೆ ತಿಳಿದ ವಿದ್ಯೆ. ಆದುದರಿಂದ ಈ ವಿಷಯವನ್ನು ಲೆಕ್ಕದ ಕಡೆಯಿಂದಲೇ ಹೇಳುತ್ತೇನೆ. ತಪ್ಪಿದ್ದರೆ ಬಲ್ಲವರು ತಿದ್ದಬೇಕು.

ಇದು ನನ್ನ ತಲೆಗೆ ಹತ್ತಿದ್ದು ಒಬ್ಬ ಹುಡುಗನಿಂದ. ವಿಜಾಪುರದ ಕಡೆಯವನು, ರಾತ್ರಿ ಪಾಳಿ ಮುಗಿಸಿ ಪತ್ರಿಕೆ ಓದಲು ಇಲ್ಲಿಗೆ ಬರುತ್ತಾನೆ. ಕೊಳವೆಗಳ ವೆಲ್ಡಿಂಗ್ ಒಳಗೆ ಸರಿಯಾಗಿದೆಯೇ ಎಂದು ಕಿರಣ ಹಾಯಿಸಿ ಚಿತ್ರ ತೆಗೆಯುವ ಗುತ್ತಿಗೆದಾರರೊಬ್ಬರ ಬಳಿ ಸಹಾಯಕ. ಎದೆಗೆ ಸಿಕ್ಕಿಸಿಕೊಳ್ಳಲು ಕೊಟ್ಟ ಅಳತೆಯ ಬ್ಯಾಡ್ಜನ್ನು ತಾವು ಎಷ್ಟೋ ಸಲ ಪೆಟ್ಟಿಗೆಯಲ್ಲೇ ಬಿಡುತ್ತೇವೆಂದು ಮಾತಿನ ನಡುವೆ ಹೇಳಿದ. ಏಕೆಂದು ಕೇಳಿದೆ. "ಅಂಕಿ ಏರಿದ್ರ ಕೆಲಸಾ ನಿಲ್ಲಸ್ತಾರಂತ ಮೇಸ್ತ್ರಿ ಹೇಳ್ಯಾನ್ರಿ. ಅಣ್ಣಾರ, ನಿಮ್ಮ ಮಸ್ಟರಿನಾಗ ಬರೀಲಿಲ್ಲಂದ್ರ ಪಗಾರ ಹೋಗ್ತದ. ನಮ್ಮ ಬ್ಯಾಡ್ಜಿನಾಗ ಬರದ್ರ ಪಗಾರ ಹೋಗ್ತದ" ಎಂದ. ಈ ಮಾತಿಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಅದನ್ನು ಹುಡುಕುತ್ತ ಓದಿದ್ದನ್ನೇ ಇಂದು ನಿಮ್ಮ ಮುಂದಿಡುತ್ತೇನೆ.

ಬೆಂಕಿ ಸುಟ್ಟರೆ ಕೈ ತಾನಾಗಿ ಹಿಂದೆ ಸರಿಯುತ್ತದೆ. ಈ ಕಿರಣಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ತಾಗಿದಾಗ ನೋವೂ ಇಲ್ಲ. 1895ರಲ್ಲಿ ಜರ್ಮನಿಯ ರಾಂಟ್‌ಗೆನ್ ಕ್ಷ-ಕಿರಣವನ್ನು ಕಂಡುಹಿಡಿದ ಮೇಲೆ ಎಷ್ಟೋ ಡಾಕ್ಟರರು, ಸಹಾಯಕರು ತಮ್ಮ ಕೈಯನ್ನೇ ಯಂತ್ರಕ್ಕೆ ಒಡ್ಡಿ ಅದರ ಶಕ್ತಿ ಪರೀಕ್ಷಿಸುತ್ತಿದ್ದರು. ಬೆರಳು ಹುಣ್ಣಾಯಿತು, ಕೈ ಕತ್ತರಿಸಬೇಕಾಯಿತು, ಹಲವರು ಸತ್ತರು. ಎಡಿಸನ್ನರ ಸಹಾಯಕ ಕ್ಲಾರೆನ್ಸ್ ಡ್ಯಾಲಿ ಹೀಗೆಯೇ 1904ರಲ್ಲಿ ತೀರಿಕೊಂಡ.

ಅದಕ್ಕಿಂತ ನನ್ನ ಮನಸ್ಸಿಗೆ ನಾಟಿದ್ದು ಅಮೇರಿಕದ ನ್ಯೂ ಜೆರ್ಸಿಯ ಕಾರ್ಖಾನೆ ಹುಡುಗಿಯರ ಕಥೆ. ಕತ್ತಲಲ್ಲಿ ಹೊಳೆಯುವ ಗಡಿಯಾರದ ಅಂಕಿಗಳಿಗೆ ರೇಡಿಯಂ ಬಣ್ಣ ಬಳಿಯುವುದು ಅವರ ಕೆಲಸ. ಕುಂಚದ ತುದಿ ಚೂಪಾಗಲೆಂದು ಅದನ್ನು ತುಟಿಯಲ್ಲಿ ಒತ್ತಿ ಬಳಿಯಬೇಕು. ಹಾಗೆ ಹೊಟ್ಟೆ ಸೇರಿದ ರೇಡಿಯಂ ಸುಣ್ಣದಂತೆ ಎಲುಬಿನಲ್ಲಿ ನೆಲೆಯೂರಿತು, ದವಡೆ ಕೊಳೆಯಿತು. 1927ರಲ್ಲಿ ಐವರು ದಾವೆ ಹೂಡಿದರು, 1928ರಲ್ಲಿ ರಾಜಿಯಾಯಿತು. ಮುಂದೆ 1941ರಲ್ಲಿ, ಮನುಷ್ಯನ ಮೈಯಲ್ಲಿ ಒಂದು ಗ್ರಾಮಿನ ಕೋಟಿಯ ಒಂದು ಪಾಲಿಗಿಂತ ಹೆಚ್ಚು ರೇಡಿಯಂ ಇರಕೂಡದೆಂದು ಅಮೇರಿಕದಲ್ಲಿ ಮಿತಿ ನಿಗದಿಯಾಯಿತು. ಆ ಮಿತಿ ಸಿಕ್ಕಿದ್ದು ಇಂಥ ಹುಡುಗಿಯರ ಮೈಯನ್ನು ಅಳೆದು ನೋಡಿಯೇ. ಕೂಲಿಯವರ ಎಲುಬಿನಿಂದ ಬಂದ ಲೆಕ್ಕವನ್ನು ಕೂಲಿಯವರೇ ಮರೆಯಬಾರದು.

ಈಗ ನಮ್ಮ ದೇಶದ ಲೆಕ್ಕಕ್ಕೆ ಬರೋಣ. ಮೈಗೆ ತಾಗಿದ ವಿಕಿರಣವನ್ನು ಮಿಲಿಸೀವರ್ಟ್ ಎಂಬ ಮಾನದಲ್ಲಿ ಎಣಿಸುತ್ತಾರೆ. ನೆಲ, ಗಾಳಿ, ಆಕಾಶಗಳಿಂದ ಮನುಷ್ಯನಿಗೆ ವರ್ಷಕ್ಕೆ ಲೋಕದ ಸರಾಸರಿಯಲ್ಲಿ ಸುಮಾರು 2.4 ಮಿಲಿಸೀವರ್ಟ್ ತಾನಾಗಿಯೇ ಬರುತ್ತದೆ. ಎದೆಯ ಒಂದು ಎಕ್ಸ್‌ರೇಯಿಂದ ಬರುವುದು 0.1 ಅಥವಾ ಅದಕ್ಕೂ ಕಡಿಮೆ. ಡಾಕ್ಟರರು ಅಗತ್ಯವೆಂದು ಹೇಳಿದ ಎಕ್ಸ್‌ರೇಗೆ ಯಾರೂ ಹೆದರಿ ಓಡಬೇಕಾಗಿಲ್ಲ. ವಿಕಿರಣದ ಕೆಲಸ ಮಾಡುವವರಿಗೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಹಾಕಿದ ಮಿತಿ, ಸತತ ಐದು ವರ್ಷಗಳಲ್ಲಿ ಒಟ್ಟು 100. ಯಾವುದೇ ಒಂದು ವರ್ಷದಲ್ಲಿ 30ನ್ನು ಮೀರಕೂಡದು. ಸಾಮಾನ್ಯ ಜನರಿಗೆ ಇಂಥ ಉದ್ಯಮಗಳಿಂದ ವರ್ಷಕ್ಕೆ 1ಕ್ಕಿಂತ ಹೆಚ್ಚು ತಾಗಬಾರದು.

ಈ ಲೆಕ್ಕ ಬರೆಯುವ ಗುಮಾಸ್ತನೇ ಆ ಬ್ಯಾಡ್ಜು. ಅದರೊಳಗೆ ಮೂರು ಸಣ್ಣ ಬಿಲ್ಲೆಗಳಿವೆ. ಒಂದರ ಮೇಲೆ ಲೋಹದ ಮುಚ್ಚಳ, ಇನ್ನೊಂದರ ಮೇಲೆ ಪ್ಲಾಸ್ಟಿಕ್ಕಿನದು, ಮೂರನೆಯದಕ್ಕೆ ಮುಚ್ಚಳವಿಲ್ಲ. ಯಾವ ಬಗೆಯ ಕಿರಣ ತಾಗಿತೆಂಬುದು ಇದರಿಂದ ತಿಳಿಯುತ್ತದೆ. ಬಿಲ್ಲೆಯಲ್ಲಿರುವ ಕ್ಯಾಲ್ಸಿಯಂ ಸಲ್ಫೇಟಿನ ಹರಳು ತಾಗಿದ ಕಿರಣದ ಶಕ್ತಿಯನ್ನು ಹಿಡಿದಿಡುತ್ತದೆ. ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಅದನ್ನು ಪ್ರಯೋಗಾಲಯದಲ್ಲಿ ಕಾಯಿಸಿದರೆ ಹರಳು ಮಿಣುಕು ಬೆಳಕು ಬಿಡುತ್ತದೆ. ಬೆಳಕು ಹೆಚ್ಚಿದಷ್ಟೂ ತಾಗಿದ ಡೋಸು ಹೆಚ್ಚು.

ಬ್ಯಾಡ್ಜು ಕವಚವಲ್ಲ ಎಂಬುದನ್ನು ಮನಸ್ಸಿನಲ್ಲಿಡಿ. ಅದು ಕಿರಣವನ್ನು ತಡೆಯುವುದಿಲ್ಲ. ಮಸ್ಟರು ಕೂಲಿಕಾರನ ಬದಲು ದುಡಿಯುತ್ತದೆಯೇ? ಕಾಪಾಡುವುವು ಮೂರು: ಕಿರಣದ ಬಳಿ ಇರುವ ಹೊತ್ತು ಕಡಿಮೆಯಾಗಬೇಕು, ದೂರ ಹೆಚ್ಚಬೇಕು, ನಡುವೆ ಸೀಸದಂಥ ತಡೆ ಇರಬೇಕು. ಒಂದು ಮೀಟರಿನಿಂದ ಎರಡು ಮೀಟರಿಗೆ ಸರಿದರೆ ತಾಗುವುದು ಕಾಲು ಪಾಲು. ಮೂರು ಮೀಟರಿಗೆ ಸರಿದರೆ ಒಂಬತ್ತರಲ್ಲಿ ಒಂದು ಪಾಲು. ನಮ್ಮ ಹುಡುಗನ ಕೆಲಸದಲ್ಲಿ ಇರಿಡಿಯಂ-192 ಎಂಬ ಸಣ್ಣ ಮೂಲವನ್ನು ಪೆಟ್ಟಿಗೆಯಿಂದ ತಂತಿಯ ತುದಿಯಲ್ಲಿ ಹೊರಗೆ ನೂಕಿ, ಚಿತ್ರವಾದ ಮೇಲೆ ಹಿಂದೆಳೆಯುತ್ತಾರೆ. ಅದು ಒಳಗೆ ಬಂತೋ ಇಲ್ಲವೋ ಕಣ್ಣಿಗೆ ಕಾಣದು. ಪ್ರತಿ ಸಲವೂ ಕೈಯಲ್ಲಿ ಹಿಡಿಯುವ ಸರ್ವೆ ಮೀಟರಿನಿಂದ ನೋಡಿಯೇ ಹತ್ತಿರ ಹೋಗಬೇಕು. ಮೀಟರು ಈ ಕ್ಷಣದ ಮಾತು ಹೇಳುತ್ತದೆ, ಬ್ಯಾಡ್ಜು ಮೂರು ತಿಂಗಳ ಒಟ್ಟು ಹೇಳುತ್ತದೆ. ಎರಡೂ ಬೇಕು.

ಲೆಕ್ಕ ಇಟ್ಟದ್ದರಿಂದ ಆದ ಉಪಕಾರಕ್ಕೆ ನಮ್ಮ ನಾಡಿನದೇ ಉದಾಹರಣೆ ಇದೆ. 2009ರ ನವೆಂಬರಿನಲ್ಲಿ ಉತ್ತರ ಕನ್ನಡ ಜಿಲ್ಲೆಯ ಕೈಗಾ ಅಣು ವಿದ್ಯುತ್ ಸ್ಥಾವರದಲ್ಲಿ ಕುಡಿಯುವ ನೀರಿನ ಕೂಲರಿಗೆ ಯಾರೋ ಟ್ರಿಟಿಯಂ ಇದ್ದ ನೀರನ್ನು ಬೆರೆಸಿದ್ದರು. ಐವತ್ತಕ್ಕೂ ಹೆಚ್ಚು ಕೆಲಸಗಾರರ ಮೈಗೆ ಅದು ಸೇರಿತು. ಟ್ರಿಟಿಯಂನ ಕಿರಣ ಚರ್ಮವನ್ನು ಕೂಡ ದಾಟಲಾರದಷ್ಟು ದುರ್ಬಲ. ಅದು ಎದೆಯ ಬ್ಯಾಡ್ಜಿಗೆ ಸಿಕ್ಕುವುದಿಲ್ಲ. ಅಲ್ಲಿ ನಿಯಮದಂತೆ ಕೆಲಸಗಾರರ ಮೂತ್ರವನ್ನು ಪರೀಕ್ಷಿಸುವ ಪದ್ಧತಿ ಇದ್ದುದರಿಂದಲೇ ಸಂಗತಿ ಹೊರಬಿತ್ತು. ಕೂಲರು ಪತ್ತೆಯಾಯಿತು, ಜನರಿಗೆ ಚಿಕಿತ್ಸೆಯೂ ಸಿಕ್ಕಿತು.

ಲೆಕ್ಕವಿಲ್ಲದ ಕಡೆ ಏನಾಯಿತೆಂಬುದನ್ನೂ ಕೇಳಿ. 2010ರಲ್ಲಿ ದೆಹಲಿ ವಿಶ್ವವಿದ್ಯಾಲಯದಲ್ಲಿ ಬಳಸದೆ ಬಿದ್ದಿದ್ದ ಕೋಬಾಲ್ಟ್-60 ಇದ್ದ ಯಂತ್ರ ಗುಜರಿಗೆ ಹರಾಜಾಗಿ ಮಾಯಾಪುರಿ ಪೇಟೆ ಸೇರಿತು. ಅಲ್ಲಿಯವರು ಅದೇನೆಂದು ಅರಿಯದೆ ಬಿಚ್ಚಿದರು. ವಾಂತಿಯಾಯಿತು, ಚರ್ಮ ಕಪ್ಪಾಯಿತು. ಒಬ್ಬ ಕೂಲಿಕಾರ ಸತ್ತ, ಹಲವರು ಆಸ್ಪತ್ರೆ ಸೇರಿದರು. ಅವರ ಎದೆಯ ಮೇಲೆ ಬ್ಯಾಡ್ಜು ಎಲ್ಲಿಂದ ಬರಬೇಕು? ಎಷ್ಟು ಡೋಸು ತಾಗಿತೆಂದು ಅಂದಾಜು ಮಾಡಲು ಅವರ ರಕ್ತಕಣಗಳಲ್ಲಿ ಮುರಿದ ವರ್ಣತಂತುಗಳನ್ನು ಎಣಿಸಬೇಕಾಯಿತು. ಕಾಗದದಲ್ಲಿ ಬರೆಯದ ಲೆಕ್ಕವನ್ನು ಮೈ ಬರೆದುಕೊಂಡಿತ್ತು.

ಹುಡುಗನಿಗೆ ನಾನು ಕೊಟ್ಟ ಉತ್ತರವೂ ಇದೇ. "ತಮ್ಮಾ, ನೀನು ಪೆಟ್ಟಿಗೆಯಲ್ಲಿ ಬಿಟ್ಟದ್ದು ಬ್ಯಾಡ್ಜನ್ನು ಮಾತ್ರ, ಕಿರಣ ನಿನ್ನ ಹಿಂದೆಯೇ ಬಂತು. ಅಂಕಿ ಏರಿದರೆ ವಿಚಾರಣೆಯಾಗುತ್ತದೆ, ಮೂಲ ಎಲ್ಲಿ ಸಿಕ್ಕಿಕೊಂಡಿತು, ಯಾರು ಮೀಟರು ಹಿಡಿಯಲಿಲ್ಲ ಎಂದು ಕೇಳುತ್ತಾರೆ. ಅಂಕಿ ಸೊನ್ನೆಯಿದ್ದರೆ ಯಾರೂ ಏನೂ ಕೇಳುವುದಿಲ್ಲ. ನಾಳೆ ಕಾಯಿಲೆ ಬಿದ್ದಾಗ ಆ ಸೊನ್ನೆಯೇ ನಿನ್ನ ವಿರುದ್ಧ ಸಾಕ್ಷಿ" ಎಂದೆ. ಪಗಾರದ ಚಿಂತೆ ಸುಳ್ಳೆಂದು ನಾನು ಹೇಳಲಿಲ್ಲ, ಹೇಳಲಾರೆ; ಮನೆಗೆ ಮನಿಆರ್ಡರಿನ ಕಾಲದಿಂದಲೂ ಹಣ ಕಳಿಸುತ್ತ ಬಂದ ಜನ ನಾವು. ಅವನು ಬಹಳ ಹೊತ್ತು ಸುಮ್ಮನಿದ್ದು, "ನೋಡ್ತೀನ್ರಿ" ಎಂದ. ಮರುವಾರ ಬಂದು, ಈಗ ಹಾಕಿಕೊಳ್ಳುತ್ತಿದ್ದೇನೆಂದು ತಾನಾಗಿ ತಿಳಿಸಿದ.

ಇಂಥ ಕೆಲಸದಲ್ಲಿರುವವರು, ಎಕ್ಸ್‌ರೇ ಕೋಣೆಯಲ್ಲಿ ದುಡಿಯುವವರು ಇಷ್ಟು ಮಾಡಬೇಕೆಂದು ವಿನಂತಿ. ಬ್ಯಾಡ್ಜನ್ನು ಎದೆಯ ಮಟ್ಟದಲ್ಲಿ, ಸೀಸದ ಏಪ್ರನ್ ಇದ್ದರೆ ಅದರ ಒಳಗಡೆ ಧರಿಸಿರಿ. ಒಬ್ಬರದನ್ನು ಇನ್ನೊಬ್ಬರು ಹಾಕಬೇಡಿರಿ. ಕೆಲಸ ಮುಗಿದ ಮೇಲೆ ಕಿರಣವಿಲ್ಲದ ಜಾಗದಲ್ಲಿ ಇಡಿರಿ. ನಿಮ್ಮ ಹೆಸರಿಗೆ ಒಂದು ನಂಬರು ಇರುತ್ತದೆ. ದೇಶದ ಡೋಸು ದಾಖಲೆಯಲ್ಲಿ ನಿಮ್ಮ ಲೆಕ್ಕ ಆ ನಂಬರಿನ ಮೇಲೆ ಜಮೆಯಾಗುತ್ತದೆ. ಗುತ್ತಿಗೆದಾರ ಬದಲಾದರೂ ಆ ಹಳೆಯ ನಂಬರನ್ನೇ ಕೊಡಿರಿ, ನಿಮ್ಮ ಅಂಕಿಯನ್ನು ಕೇಳಿ ಬರೆದಿಟ್ಟುಕೊಳ್ಳಿರಿ. ಗುಜರಿಯವರು ಹಳದಿಯ ಮೇಲೆ ಮೂರು ಕಪ್ಪು ಎಸಳಿನ ಗುರುತನ್ನೋ, ತೂಕ ಮೀರಿದ ಸೀಸದ ಪೆಟ್ಟಿಗೆಯನ್ನೋ ಕಂಡರೆ ಬಿಚ್ಚದೆ ದೂರ ನಿಂತು ಪೋಲೀಸರಿಗೆ ತಿಳಿಸಿರಿ.

ಅರ್ಜಿ ಬರೆಯಲು ಬಾರದವರು ಸಂಜೆ ವಾಚನಾಲಯಕ್ಕೆ ಬಂದರೆ ಬರೆದುಕೊಡಲು ನಾನು ಸಿದ್ಧನಿದ್ದೇನೆ.