ಟ್ರ್ಯಾಕ್ಟರಿನ ಡೀಸೆಲ್ ಕೊಳವೆಗಳನ್ನು ಜೋಡಿಸುವಾಗ ಎಚ್ಚರಿಕೆ



ಟ್ರ್ಯಾಕ್ಟರಿನ ಇನ್‌ಟೇಕ್ ಮ್ಯಾನಿಫೋಲ್ಡ್ ಬದಲಿಸಿದ ಮೇಲೆ ಇಂಜಿನ್ ಚಾಲೂ ಆದರಷ್ಟೇ ಸಾಲದು. ಬಿಚ್ಚಿದ ಡೀಸೆಲ್ ಕೊಳವೆಗಳು ಮೊದಲಿನ ದಾರಿಯಲ್ಲೇ ಕುಳಿತಿವೆಯೇ ಎಂದು ನೋಡಬೇಕು. ಬಿಚ್ಚಿದೊಡನೆ ಅವುಗಳ ಬಾಯಿ ಮುಚ್ಚಿರಿ; ಒಳಹೊಕ್ಕ ಧೂಳು ಇಂಜೆಕ್ಟರನ್ನು ಕೆಡಿಸುತ್ತದೆ. ಕೊಳವೆಯು ಹೊಗೆ ಹೋಗುವ ಮ್ಯಾನಿಫೋಲ್ಡಿಗೆ ತಾಗಬಾರದು; ಕಾದ ಲೋಹದ ಮೇಲೆ ಡೀಸೆಲ್ ಸೋರಿದರೆ ಬೆಂಕಿ ಹತ್ತೀತು. ಕ್ಲಾಂಪುಗಳನ್ನು ಒಂದೂ ಬಿಡದೆ ಹಾಕಿರಿ. ಇಲ್ಲವಾದರೆ ಕೊಳವೆ ಅದುರಿ, ಉಜ್ಜಿ, ಸವೆಯುತ್ತದೆ. ತಾಮ್ರದ ವಾಷರುಗಳು ಹೊಸವಿರಲಿ. ಅನಂತರ ಫಿಲ್ಟರಿನ ಗಾಳಿ ತೆಗೆಯುವ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ಕೈಪಂಪು ಒತ್ತಿ, ಸ್ಕ್ರೂ ಬಿಗಿಯಿರಿ.

ಇಂಜಿನ್ ನಡೆಯುವಾಗ ಸೋರಿಕೆಯನ್ನು ಕೈಯಿಂದ ಹುಡುಕಲೇಬೇಡಿರಿ. ರಟ್ಟು ಹಿಡಿದು ನೋಡಿರಿ. ಇಂಜೆಕ್ಟರ್ ಕೊಳವೆಯಿಂದ ಚಿಮ್ಮುವ ಡೀಸೆಲ್ ಚರ್ಮವನ್ನೇ ತೂರೀತು. ಗಾಯವು ಸೂಜಿ ಚುಚ್ಚಿದಷ್ಟೇ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಿರಿ. ತಡಮಾಡಿದರೆ ಬೆರಳನ್ನೇ ಕಳೆದುಕೊಳ್ಳಬೇಕಾದೀತು.