ಬಚ್ಚಲಿನಿಂದ ಆರಂಭವಾಗಲಿ

(ಆಕಾಶವಾಣಿಯ ಕೃಪೆಯಿಂದ)

ದಾವಣಗೆರೆಯ ಸರಸ್ವತಿ ನಗರದಲ್ಲಿ, ನಮ್ಮಂಥ ಇತರ ಬಡಾವಣೆಗಳಲ್ಲಿ ಇದ್ದಂತೆಯೇ, ತಾರಸಿಯ ಮೇಲೆ ಸೌರಫಲಕ ಕೂರಿಸುವ ಮಾತು ಈಗ ಮೇಲಿಂದ ಮೇಲೆ ಕೇಳಿಬರುತ್ತದೆ. ಒಳ್ಳೆಯ ಮಾತೇ. ಆದರೆ ಎಷ್ಟು ವಿದ್ಯುತ್ತು ಬೇಕೆಂದು ಲೆಕ್ಕ ಹಾಕುವ ಮುನ್ನ, ಅದು ಯಾತಕ್ಕೆ ಬೇಕೆಂದು ಕೇಳಿಕೊಳ್ಳುವುದು ವಿಹಿತವೆಂದು ನನ್ನ ಭಾವನೆ.

ಈ ಪ್ರಶ್ನೆಯನ್ನು ಕರ್ನಾಟಕದ ಮುಂದೆ ಗಂಭೀರವಾಗಿ ಇಟ್ಟವರು ಪ್ರೊಫೆಸರ್ ಅಮೂಲ್ಯ ರೆಡ್ಡಿಯವರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಹುಟ್ಟಿದ್ದು ಅವರ ಮುಂದಾಳುತನದಲ್ಲಿ. ಸೌದೆ ಉಳಿಸುವ ಅಸ್ತ್ರ ಒಲೆಯ ಹೆಸರನ್ನು ಕೇಳದ ಹಳ್ಳಿ ವಿರಳ. 1991ರಲ್ಲಿ ಅವರೂ ಅವರ ಸಹೋದ್ಯೋಗಿಗಳೂ ರಾಜ್ಯಕ್ಕೆ ಒಂದು ಪರ್ಯಾಯ ವಿದ್ಯುತ್ ಯೋಜನೆಯನ್ನು ಪ್ರಕಟಿಸಿದರು. ಹೊಸ ಸ್ಥಾವರಗಳ ಪಟ್ಟಿಯಿಂದಲ್ಲ, ಜನಕ್ಕೆ ಬೇಕಾದ ಸೇವೆಗಳಿಂದ ಅದು ಹೊರಟಿತು. ಮನುಷ್ಯನಿಗೆ ಬೇಕಾದದ್ದು ಬೆಳಕು, ಬಿಸಿನೀರು, ಗಾಳಿ. ವಿದ್ಯುತ್ತು ಅವಕ್ಕೆ ಸಾಧನ ಮಾತ್ರ. ನೀರು ಕಾಯಿಸಲು ವಿದ್ಯುತ್ತಿನ ಬದಲು ಬಿಸಿಲನ್ನು ಬಳಸುವುದು ಆ ಯೋಜನೆಯ ಒಂದು ಮುಖ್ಯ ಅಂಗವಾಗಿತ್ತು.

ಇದರ ಮರ್ಮವನ್ನು ತಿಳಿಯಲು ಒಂದು ಚಿಕ್ಕ ಲೆಕ್ಕ ಸಾಕು. ನೂರು ಲೀಟರ್ ನೀರಿನ ಉಷ್ಣತೆಯನ್ನು 25 ಡಿಗ್ರಿಯಷ್ಟು ಏರಿಸಲು ಸುಮಾರು 3 ಯೂನಿಟ್ ಬೇಕು. ಅಷ್ಟರಲ್ಲಿ 9 ವಾಟಿನ ಎಲ್‌ಇಡಿ ದೀಪವೊಂದು ದಿನಕ್ಕೆ ಐದು ಗಂಟೆಯಂತೆ ಎರಡು ತಿಂಗಳು ಬೆಳಗುತ್ತದೆ! ಮಕ್ಕಳು ದೀಪ ಆರಿಸಲಿಲ್ಲವೆಂದು ಗದರಿಸುವ ನಾವು ಬಚ್ಚಲಮನೆಯ ಗೀಸರಿನ ಕಡೆ ತಿರುಗಿಯೂ ನೋಡುವುದಿಲ್ಲ.

ಬಿಸಿಲನ್ನು ಫಲಕದಲ್ಲಿ ವಿದ್ಯುತ್ತಾಗಿಸಿ, ಅದನ್ನು ಗೀಸರಿನಲ್ಲಿ ಮತ್ತೆ ಶಾಖವಾಗಿಸುವುದು ಸುತ್ತುಬಳಸಿನ ದಾರಿ. ಫಲಕವು ತನ್ನ ಮೇಲೆ ಬಿದ್ದ ಬಿಸಿಲಿನ ಐದರಲ್ಲೊಂದು ಪಾಲನ್ನು ಮಾತ್ರ ವಿದ್ಯುತ್ತಾಗಿಸಬಲ್ಲುದು; ನೀರು ಕಾಯಿಸುವ ಸೌರಪೆಟ್ಟಿಗೆ ಹೆಚ್ಚುಕಡಿಮೆ ಅರ್ಧದಷ್ಟನ್ನು ಶಾಖವಾಗಿ ಹಿಡಿಯುತ್ತದೆ. ಆಷಾಢದ ಮೋಡದ ದಿನಗಳಲ್ಲಿ ಅದು ಸೋಲುತ್ತದೆ, ಕೊಳವೆಬಾವಿಯ ಗಡಸು ನೀರು ಅದರ ಕೊಳವೆಗಳಲ್ಲಿ ಸುಣ್ಣ ಕಟ್ಟಿಸುತ್ತದೆ ಎಂಬುದೂ ನಿಜ. ಆದರೂ ನಮ್ಮ ಬಯಲುಸೀಮೆಯಲ್ಲಿ ವರ್ಷದ ಬಹುಪಾಲು ದಿನ ಸೂರ್ಯನ ಔದಾರ್ಯಕ್ಕೆ ಕೊರತೆಯಿಲ್ಲ.

ಇನ್ನು ಗಾಳಿಯ ವಿಚಾರ. ಹಳೆಯ ಪಂಖ ಸುಮಾರು 75 ವಾಟ್ ನುಂಗಿದರೆ, ಹೊಸ ಬಗೆಯ ಬಿಎಲ್‌ಡಿಸಿ ಪಂಖಕ್ಕೆ 30 ವಾಟ್ ಸಾಕು. ಹಿಂದಿನವರ ಮಾಳಿಗೆ ಮನೆಯ ದಪ್ಪ ಮಣ್ಣಿನ ಸೂರು ಹಗಲಿನ ಕಾವನ್ನು ತಡೆಯುತ್ತಿತ್ತು. ನಮ್ಮ ಕಾಂಕ್ರೀಟ್ ಸೂರು ಅದನ್ನು ಹೀರಿ ರಾತ್ರಿ ನಮ್ಮ ಮೇಲೆ ಸುರಿಯುತ್ತದೆ. ಬೇಸಗೆಗೆ ಮುನ್ನ ತಾರಸಿಗೆ ಬಿಳಿ ಸುಣ್ಣ ಬಳಿದರೂ ಆ ಕಾವು ತಕ್ಕಮಟ್ಟಿಗೆ ತಗ್ಗುತ್ತದೆ.

ಇಷ್ಟಾದ ಮೇಲೆ ಫಲಕದ ಮಾತು. ಒಂದು ಕಿಲೋವಾಟಿನ ಫಲಕಕ್ಕೆ ಸುಮಾರು ನೂರು ಚದರಡಿ ನೆರಳಿಲ್ಲದ ಜಾಗ ಬೇಕು. ಒಳ್ಳೆಯ ಬಿಸಿಲಿನ ದಿನ ಅದು ನಾಲ್ಕು ಯೂನಿಟ್‌ನಷ್ಟು ಕೊಡುತ್ತದೆ. ಕೇಂದ್ರ ಸರ್ಕಾರವು 2024ರಲ್ಲಿ ಆರಂಭಿಸಿದ ಸೂರ್ಯಘರ್ ಯೋಜನೆಯು ಮೂರು ಕಿಲೋವಾಟಿಗೆ 78,000 ರೂಪಾಯಿಗಳ ಸಹಾಯಧನವನ್ನು ಗೊತ್ತುಮಾಡಿತು. ಮೊದಲು ಬೇಡಿಕೆಯನ್ನು ತಗ್ಗಿಸಿಕೊಂಡ ಮನೆಗೆ ಚಿಕ್ಕ ಫಲಕವೇ ಸಾಕಾಗುತ್ತದೆ.

2023ರಲ್ಲಿ ಗೃಹಜ್ಯೋತಿ ಬಂದ ಮೇಲೆ, ಬಿಲ್ಲೇ ಇಲ್ಲದಿರುವಾಗ ಉಳಿತಾಯವೇಕೆಂದು ಕೇಳುವವರಿದ್ದಾರೆ. ಬಡವರ ಮನೆಗೆ ಆ ಯೋಜನೆ ಆಸರೆಯಾಗಿದ್ದನ್ನು ನಾನು ಅಲ್ಲಗಳೆಯಲಾರೆ. ಆದರೆ ಬಿಲ್ಲು ಸೊನ್ನೆಯಾದರೂ ಯೂನಿಟ್ಟು ಸೊನ್ನೆಯಾಗದು. ಕಲ್ಲಿದ್ದಲಿನ ಗಣಿಯಿಲ್ಲದ ನಮ್ಮ ನಾಡಿನಲ್ಲಿ ರಾಯಚೂರು, ಬಳ್ಳಾರಿಗಳ ಸ್ಥಾವರಗಳಿಗೆ ಅದು ಹೊರಗಿನಿಂದಲೇ ಬರಬೇಕು. ಅದೇ 2023ರಲ್ಲಿ ಮಳೆ ಕೈಕೊಟ್ಟಿತು. ಪಂಪುಸೆಟ್ಟಿಗೆ ಕರೆಂಟು ಸಾಲದೆ ರೈತರು ಬೀದಿಗಿಳಿದರು. ಪೇಟೆಯ ಬಚ್ಚಲಿಗೂ ಹಳ್ಳಿಯ ಒಣಗುವ ಪೈರಿಗೂ ತಂತಿ ಒಂದೇ ಜಾಲದ್ದು.

ಆದಕಾರಣ ಮಿತವ್ಯಯವನ್ನು ಬರಿಯ ಜಿಪುಣತನವೆಂದು ಎಣಿಸಬಾರದು. ಕಾಣದ ನೆರೆಯವನೊಬ್ಬನ ಪಾಲನ್ನು ಅವನಿಗೇ ಬಿಟ್ಟುಕೊಡುವ ಸೌಜನ್ಯ ಅದು.