ತವರು ಅಂಗಳದ ಆಯ್ಕೆ: ಫುಟ್‌ಬಾಲ್ ಅರ್ಹತಾ ಪಂದ್ಯಗಳ ಊರು ಮತ್ತು ದಿನ

ವಿಶ್ವಕಪ್ ಫುಟ್‌ಬಾಲಿಗಾಗಲಿ ಏಷ್ಯಾ ಕಪ್ಪಿಗಾಗಲಿ ಯಾವ ಯಾವ ದೇಶಗಳು ಹೋಗಬೇಕೆಂಬುದನ್ನು ತೀರ್ಮಾನಿಸಲು ಮುಂಚಿತವಾಗಿ ಆಡಿಸುವ ಆಟಗಳಿಗೆ ಅರ್ಹತಾ ಪಂದ್ಯಗಳೆಂದು ಹೆಸರು. ಮೂಲ ಪಂದ್ಯಾವಳಿಯ ಊರು, ಅಂಗಳ, ದಿನಾಂಕಗಳೆಲ್ಲ ಬಹಳ ಮೊದಲೇ ನಿಶ್ಚಯವಾಗಿರುತ್ತವೆ. ಅರ್ಹತಾ ಪಂದ್ಯಗಳಾದರೋ ಹತ್ತಾರು ದೇಶಗಳಲ್ಲಿ, ಬೇರೆ ಬೇರೆ ಹವೆಯಲ್ಲಿ, ತಿಂಗಳುಗಟ್ಟಲೆ ಹರಡಿಕೊಂಡು ನಡೆಯುವುದರಿಂದ, ಯಾವ ಊರಿನಲ್ಲಿ ಆಡಬೇಕು, ಯಾವ ವಾರದಲ್ಲಿ ಆಡಬೇಕು ಎಂಬ ಎರಡು ಪ್ರಶ್ನೆಗಳು ಅಲ್ಲಿ ಆಟದಷ್ಟೇ ತೂಕ ಪಡೆಯುತ್ತವೆ. ಈ ಪ್ರಶ್ನೆಗಳಿಗೆ ಭಾರತ ಕಂಡುಕೊಂಡ ಉತ್ತರಗಳ ಚರಿತ್ರೆಯಲ್ಲಿ ಬೆಂಗಳೂರಿಗೆ ದೊಡ್ಡ ಸ್ಥಾನವಿದೆ. ಆ ಸ್ಥಾನ ಹೇಗೆ ಒದಗಿತು, ಹೇಗೆ ಕೈತಪ್ಪಿತು ಎಂಬುದನ್ನು ಈ ಭಾಷಣದಲ್ಲಿ ಪರಿಶೀಲಿಸಲಾಗಿದೆ.

1930ರ ಮೊದಲ ವಿಶ್ವಕಪ್ಪಿಗೆ ಅರ್ಹತಾ ಸುತ್ತು ಇರಲಿಲ್ಲ, ಆಹ್ವಾನ ಒಪ್ಪಿದವರು ಹಡಗು ಹತ್ತಿದರು. 1934ರ ಕಪ್ಪಿಗೆ 32 ದೇಶಗಳು ಹೆಸರು ಕೊಟ್ಟು, ಸ್ಥಾನಗಳು 16 ಮಾತ್ರ ಇದ್ದುದರಿಂದ ಸೋಸುವ ಏರ್ಪಾಡು ಬೇಕಾಯಿತು. ಅದರ ಮೊದಲ ಪಂದ್ಯ 1933ರ ಜೂನ್ 11ರಂದು ಸ್ಟಾಕ್‌ಹೋಮಿನಲ್ಲಿ ಸ್ವೀಡನ್ ಮತ್ತು ಎಸ್ಟೋನಿಯಾಗಳ ನಡುವೆ ನಡೆಯಿತು. ನಿಯಮಗಳು ಇನ್ನೂ ಹದಗೊಳ್ಳದ ಆ ಕಾಲದಲ್ಲಿ, ಪಂದ್ಯಾವಳಿ ನಡೆಸಿಕೊಡುವ ಇಟಲಿಯೇ ಗ್ರೀಸ್ ವಿರುದ್ಧ ಆಡಿ ಅರ್ಹತೆ ಪಡೆಯಬೇಕಾಯಿತು. ಅಮೆರಿಕ ಮತ್ತು ಮೆಕ್ಸಿಕೊ ದೇಶಗಳಂತೂ ತಮ್ಮ ನಡುವಿನ ಪಂದ್ಯವನ್ನು ತಮ್ಮ ಖಂಡದಲ್ಲಿ ಆಡದೆ, ಅಟ್ಲಾಂಟಿಕ್ ದಾಟಿ ಬಂದು, ಮೂಲ ಪಂದ್ಯಾವಳಿ ಆರಂಭವಾಗುವುದಕ್ಕೆ ಮೂರೇ ದಿನ ಮುಂಚೆ ರೋಮ್ ನಗರದಲ್ಲಿ ಎದುರಾದವು. ಸೋತ ಮೆಕ್ಸಿಕೊ ಒಂದೇ ಪಂದ್ಯಕ್ಕಾಗಿ ಅಷ್ಟು ದೂರದ ಸಮುದ್ರಯಾನ ಮಾಡಿ ಬರಿಗೈಯಲ್ಲಿ ಮರಳಿತು.

ಇಂಥ ಅನ್ಯಾಯಗಳನ್ನು ತಪ್ಪಿಸಲು ಬೆಳೆದ ಪದ್ಧತಿಯೇ ತವರು ಮತ್ತು ಪರಸ್ಥಳ ಪದ್ಧತಿ, ಅಂದರೆ ಎರಡು ತಂಡಗಳು ಪರಸ್ಪರರ ದೇಶದಲ್ಲಿ ಒಂದೊಂದು ಬಾರಿ ಆಡಿ ಎರಡರ ಫಲವನ್ನೂ ಕೂಡಿಸಿ ನೋಡುವ ಕ್ರಮ. ಯುದ್ಧ, ಬಹಿಷ್ಕಾರ ಅಥವಾ ಅಂಗಳದ ಕೊರತೆ ಅಡ್ಡ ಬಂದಾಗ ಇಬ್ಬರದೂ ಅಲ್ಲದ ಮೂರನೆಯ ದೇಶದಲ್ಲಿ ಆಡಿಸುವುದುಂಟು, ಅದಕ್ಕೆ ತಟಸ್ಥ ಅಂಗಳವೆನ್ನುತ್ತಾರೆ. 1965ರಲ್ಲಿ ಉತ್ತರ ಕೊರಿಯಾ ಮತ್ತು ಆಸ್ಟ್ರೇಲಿಯಾ ಕಾಂಬೋಡಿಯಾದ ನಾಮ್ ಪೆನ್ ನಗರದಲ್ಲಿ ಆಡಿದ್ದು, 1969ರಲ್ಲಿ ಎಲ್ ಸಾಲ್ವಡಾರ್ ಮತ್ತು ಹೊಂಡುರಾಸ್ ತಮ್ಮ ನಿರ್ಣಾಯಕ ಪಂದ್ಯವನ್ನು ಮೆಕ್ಸಿಕೊ ನಗರದಲ್ಲಿ ಆಡಿದ್ದು ಈ ಬಗೆಗೆ ಉದಾಹರಣೆಗಳು. ಸ್ಥಳದ ಪ್ರಶ್ನೆ ಎಷ್ಟು ಕಠೋರವಾಗಬಲ್ಲುದೆಂಬುದನ್ನು 1973ರ ನವೆಂಬರ್ 21ರಂದು ಚಿಲಿ ದೇಶದ ಸಾಂಟಿಯಾಗೊದಲ್ಲಿ ಜಗತ್ತು ಕಂಡಿತು. ಸೈನಿಕ ದಂಗೆಯ ಬಳಿಕ ಸಾವಿರಾರು ಜನರನ್ನು ಬಂಧಿಸಿ ಹಿಂಸಿಸಿದ ಕ್ರೀಡಾಂಗಣದಲ್ಲಿ ಆಡುವುದಿಲ್ಲವೆಂದು ಸೋವಿಯತ್ ತಂಡ ನಿರಾಕರಿಸಿತು. ಅಂತರರಾಷ್ಟ್ರೀಯ ಒಕ್ಕೂಟವಾದ ಫಿಫಾ ಸ್ಥಳ ಬದಲಿಸಲು ಒಪ್ಪಲಿಲ್ಲ. ಚಿಲಿಯ ಆಟಗಾರರು ಎದುರಾಳಿಯಿಲ್ಲದ ಅಂಗಳದಲ್ಲಿ ಚೆಂಡನ್ನು ಖಾಲಿ ಗೋಲಿಗೆ ಒದ್ದು ಅರ್ಹತೆ ಪಡೆದರು. ಅಂಗಳವನ್ನು ಬರಿಯ ಹುಲ್ಲು ಮತ್ತು ಸುಣ್ಣದ ಗೆರೆಗಳೆಂದು ಎಣಿಸುವ ಆಡಳಿತ ಎಂಥ ತಪ್ಪಿಗೆ ಇಳಿಯಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಏಷ್ಯಾದ ದೇಶಗಳ ನಡುವಿನ ದೂರ ಹೆಚ್ಚು, ಹಲವು ಒಕ್ಕೂಟಗಳ ಕೈಯಲ್ಲಿ ಹಣ ಕಡಿಮೆ. ಆದ್ದರಿಂದ ಗುಂಪಿನ ಎಲ್ಲ ತಂಡಗಳನ್ನೂ ಒಂದೇ ಊರಿಗೆ ಕರೆಸಿ ಕೆಲವು ದಿನಗಳಲ್ಲಿ ಎಲ್ಲ ಪಂದ್ಯಗಳನ್ನೂ ಮುಗಿಸುವ ಕ್ರಮ ಇಲ್ಲಿ ಬಹುಕಾಲ ನಡೆಯಿತು. 1960ರ ಏಷ್ಯಾ ಕಪ್ಪಿನ ಪಶ್ಚಿಮ ವಲಯದ ಅರ್ಹತಾ ಪಂದ್ಯಗಳು 1959ರ ಡಿಸೆಂಬರಿನಲ್ಲಿ ಕೇರಳದ ಎರ್ನಾಕುಲಂನಲ್ಲಿ ಹೀಗೆಯೇ ನಡೆದು, ಭಾರತ, ಪಾಕಿಸ್ತಾನ, ಇರಾನ್, ಇಸ್ರೇಲ್ ತಂಡಗಳು ಅಲ್ಲಿ ಕೂಡಿದವು. ಮುಂದಿನ ಹಂತಕ್ಕೆ ಹೋದದ್ದು ಇಸ್ರೇಲ್.

ವಿಶ್ವಕಪ್ಪಿನ ಅರ್ಹತೆಯ ಕಥೆ ಭಾರತದ ಪಾಲಿಗೆ ಇನ್ನೂ ವಿಷಾದದ್ದು. 1950ರಲ್ಲಿ ಗುಂಪಿನ ಉಳಿದ ದೇಶಗಳು ಹಿಂದೆ ಸರಿದುದರಿಂದ ಭಾರತ ಒಂದು ಪಂದ್ಯವನ್ನೂ ಆಡದೆ ಅರ್ಹತೆ ಪಡೆಯಿತು, ಆದರೆ ಬ್ರೆಜಿಲಿಗೆ ಹೋಗಲಿಲ್ಲ. ಅಲ್ಲಿಂದ 1985ರವರೆಗೆ ಭಾರತ ವಿಶ್ವಕಪ್ ಅರ್ಹತಾ ಪಂದ್ಯವನ್ನು ಆಡಲೇ ಇಲ್ಲ. 1951 ಮತ್ತು 1962ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ ಗೆದ್ದ, 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನಕ್ಕೇರಿದ ತಲೆಮಾರಿಗೆ ತವರಿನಲ್ಲಿ ಅಂಥ ಒಂದು ಪಂದ್ಯವೂ ದೊರೆಯಲಿಲ್ಲ. ಈ ಸಾಧನೆಗಳ ಹಿಂದಿದ್ದ ತರಬೇತುದಾರ ಸೈಯದ್ ಅಬ್ದುಲ್ ರಹೀಂ ಹೈದರಾಬಾದಿನವರು. ಅವರು ಕಟ್ಟಿದ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ಸಲ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು. ಈಗ ಮಹಾರಾಷ್ಟ್ರದಲ್ಲಿರುವ ತುರೋರಿ, ಉಮರ್ಗಾ, ನಿಲಂಗಾ, ಉದಗೀರಗಳ ಕನ್ನಡಿಗರಿಗೆ ಈ ಹೆಸರುಗಳು ಪರವಲ್ಲ. ಆ ಸೀಮೆಯೆಲ್ಲ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದು, ಉದಗೀರ ಮತ್ತು ನಿಲಂಗಾ ಬೀದರ ಜಿಲ್ಲೆಯ ತಾಲೂಕುಗಳೇ ಆಗಿದ್ದವು. ಸೊಲ್ಲಾಪುರದಿಂದ ಉಮರ್ಗಾ ಹಾದು ಹೋಗುವ ಹೆದ್ದಾರಿ ಇಂದಿಗೂ ಅದೇ ಹೈದರಾಬಾದನ್ನು ಮುಟ್ಟುತ್ತದೆ. ರಾಜ್ಯದ ರಾಜಧಾನಿಯಲ್ಲಿ ಏಷ್ಯಾದ ಉತ್ತಮ ಆಟಗಾರರು ಬೆಳೆಯುತ್ತಿದ್ದ ಕಾಲದಲ್ಲಿ, ಅವರನ್ನು ವಿಶ್ವಕಪ್ಪಿನ ದಾರಿಯಲ್ಲಿ ನೋಡುವ ಅವಕಾಶ ದೇಶದ ಯಾವ ಊರಿನವರಿಗೂ ಸಿಗದೆ ಹೋದದ್ದು ಭಾರತೀಯ ಫುಟ್‌ಬಾಲಿನ ಅತ್ಯಂತ ದೊಡ್ಡ ನಷ್ಟವೆನ್ನಬೇಕು.

1985ರಲ್ಲಿ ಇಂಡೊನೇಷ್ಯಾ, ಥಾಯ್ಲೆಂಡ್, ಬಾಂಗ್ಲಾದೇಶಗಳ ಗುಂಪಿನಲ್ಲಿ ಭಾರತ ಮೊದಲ ಬಾರಿಗೆ ಆಡಿದಾಗ ತವರು ಪಂದ್ಯಗಳು ಕೋಲ್ಕತ್ತಾದಲ್ಲಿ ನಡೆದವು. ಆ ಬಳಿಕ ಮತ್ತೆ ಒಂದೂರಿನ ಪದ್ಧತಿಯೇ ಬಂತು: 1993ರಲ್ಲಿ ಒಂದು ಸುತ್ತಿಗೆ ಬೈರೂತ್, ಇನ್ನೊಂದಕ್ಕೆ ಸಿಯೋಲ್, 1996ರಲ್ಲಿ ದೋಹಾ. ಹೀಗಾಗಿ ತೊಂಬತ್ತರ ದಶಕದಲ್ಲಿ ವಿಶ್ವಕಪ್ ಅರ್ಹತಾ ಪಂದ್ಯವೊಂದೂ ಭಾರತದ ನೆಲದಲ್ಲಿ ನಡೆಯಲೇ ಇಲ್ಲ.

2001ರಲ್ಲಿ ಈ ಬರಗಾಲ ಮುಗಿಯಿತು. ಸಂಯುಕ್ತ ಅರಬ್ ಎಮಿರೇಟ್ಸ್, ಯೆಮನ್, ಬ್ರೂನೈ ದೇಶಗಳ ಗುಂಪಿನಲ್ಲಿದ್ದ ಭಾರತ ತನ್ನ ಮೂರೂ ತವರು ಪಂದ್ಯಗಳಿಗೆ ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣವನ್ನು ಆರಿಸಿಕೊಂಡಿತು. 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ಸಿದ್ಧವಾದ ಈ ಅಂಗಳ ಆಗಿನ್ನೂ ಹೊಸದು. ಏಪ್ರಿಲ್ ತಿಂಗಳಲ್ಲಿ ದೇಶದ ಬಹುಭಾಗ ಕಾದು ಕೆಂಡವಾಗಿರುವಾಗ, ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನ ಸಂಜೆ ಓಡುವ ಆಟಗಾರನಿಗೆ ಸಹನೀಯವಾಗಿರುತ್ತದೆ. ಊರಿಗೆ ಫುಟ್‌ಬಾಲೂ ಹೊಸದಲ್ಲ: ಹಳೆಯ ಮೈಸೂರು ತಂಡ 1946-47ರಲ್ಲಿಯೂ 1952-53ರಲ್ಲಿಯೂ ಇದೇ ಊರಿನಲ್ಲಿ ಬಂಗಾಳವನ್ನು ಸೋಲಿಸಿ, ರಾಜ್ಯಗಳ ನಡುವಿನ ರಾಷ್ಟ್ರೀಯ ಸ್ಪರ್ಧೆಯಾದ ಸಂತೋಷ್ ಟ್ರೋಫಿಯನ್ನು ಗೆದ್ದಿತ್ತು, 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಗೋಲು ಹೊಡೆದ ಸಾರಂಗಪಾಣಿ ರಾಮನ್ ಈ ಊರಿನ ಆಟದಿಂದಲೇ ಬೆಳೆದವರು.

ಏಪ್ರಿಲ್ 8ರಂದು ಜೂಲ್ಸ್ ಆಲ್ಬರ್ಟೊ ಹೊಡೆದ ಒಂದೇ ಗೋಲಿನಿಂದ ಭಾರತ, ಗುಂಪಿನ ಪ್ರಬಲ ತಂಡವಾದ ಎಮಿರೇಟ್ಸನ್ನು ಕಂಠೀರವದಲ್ಲಿ ಸೋಲಿಸಿತು. ಏಪ್ರಿಲ್ 15ರಂದು ಯೆಮನ್ ಜೊತೆ 1-1ರ ಸಮಬಲವಾಯಿತು. ಇಲ್ಲಿಂದ ಮುಂದೆ ವೇಳಾಪಟ್ಟಿಯ ಬಿಗಿ ಆರಂಭವಾಗುತ್ತದೆ. ಏಪ್ರಿಲ್ 26ಕ್ಕೆ ಮರುಭೂಮಿಯ ಅಲ್ ಐನ್, ಮೇ 4ಕ್ಕೆ 2200 ಮೀಟರಿಗೂ ಮೇಲಿರುವ ಪರ್ವತನಗರಿ ಸನಾ, ಅದರಿಂದ ಒಂದು ವಾರಕ್ಕೆ ಸಮುದ್ರತೀರದ ಬ್ರೂನೈ, ಮೇ 20ಕ್ಕೆ ಮತ್ತೆ ಬೆಂಗಳೂರು. ಆರು ವಾರಗಳಲ್ಲಿ ಆರು ಪಂದ್ಯ, ನಾಲ್ಕು ಬಗೆಯ ಹವೆ. ಅಲ್ ಐನಿನಲ್ಲಿ ಒಂದು ಗೋಲಿನ ಸೋಲು, ಸನಾದಲ್ಲಿ 3-3ರ ಸಮ, ಬ್ರೂನೈಯಲ್ಲಿ ಒಂದು ಗೋಲಿನ ಗೆಲುವು, ಕೊನೆಗೆ ಬೆಂಗಳೂರಿನಲ್ಲಿ ಅದೇ ಬ್ರೂನೈ ವಿರುದ್ಧ 5-0ರ ಗೆಲುವು. ಎಮಿರೇಟ್ಸಿಗೆ 12 ಅಂಕ, ಯೆಮನ್ ಮತ್ತು ಭಾರತಕ್ಕೆ 11 ಅಂಕ. ಕಂಠೀರವದಲ್ಲಿ ಯೆಮನ್ ವಿರುದ್ಧ ಇನ್ನೊಂದು ಗೋಲು ಬಿದ್ದು ಆ ಪಂದ್ಯ ಗೆದ್ದಿದ್ದರೆ ಭಾರತ 13 ಅಂಕಗಳೊಂದಿಗೆ ಗುಂಪಿನ ಅಗ್ರಸ್ಥಾನಕ್ಕೇರಿ ಮುಂದಿನ ಸುತ್ತಿಗೆ ಹೋಗುತ್ತಿತ್ತು. ವಿಶ್ವಕಪ್ಪಿನ ದಾರಿಯಲ್ಲಿ ಭಾರತ ಇಷ್ಟು ಸಮೀಪ ಬಂದ ಇನ್ನೊಂದು ಸಂದರ್ಭವನ್ನು ಹುಡುಕುವುದು ಕಷ್ಟ, ಮತ್ತು ಅದು ಒಂದೇ ಅಂಗಳಕ್ಕೆ ಅಂಟಿಕೊಂಡು ಆಡಿದ ವರ್ಷವೆಂಬುದನ್ನು ಮರೆಯಬಾರದು.

ಆದರೆ ಮರುಸಲವೇ ಅದನ್ನು ಮರೆಯಲಾಯಿತು. 2004ರಲ್ಲಿ ಸಿಂಗಪುರ ಗೋವೆಯ ಮಡಗಾಂವಿಗೆ ಬಂತು, ಒಮಾನ್ ಕೊಚ್ಚಿಗೆ, ಜಪಾನ್ ಕೋಲ್ಕತ್ತಾಕ್ಕೆ. ಮೂರು ಪಂದ್ಯ, ಮೂರು ಊರು. 2007ರಲ್ಲಿ ಲೆಬನಾನ್ ಪಂದ್ಯ ಮತ್ತೆ ಗೋವೆಯಲ್ಲಿ, 2011ರಲ್ಲಿ ಎಮಿರೇಟ್ಸ್ ಪಂದ್ಯ ದೆಹಲಿಯಲ್ಲಿ. ಎಲ್ಲ ರಾಜ್ಯಗಳಿಗೂ ಪಂದ್ಯ ಹಂಚಬೇಕೆಂಬುದು, ಹೊಸ ಊರುಗಳಲ್ಲಿ ಆಟ ಹಬ್ಬಬೇಕೆಂಬುದು ಒಳ್ಳೆಯ ಮಾತೇ. ಆದರೂ ಹಂಚಿಕೆಯಿಂದ ತವರು ಹುಟ್ಟುವುದಿಲ್ಲ. ಅದೇ ಹುಲ್ಲಿನ ಮೇಲೆ, ಅದೇ ಗಾಳಿಯಲ್ಲಿ, ಅದೇ ಜನರ ಮುಂದೆ ಮತ್ತೆ ಮತ್ತೆ ಆಡಿದಾಗ ಮಾತ್ರ ಆಟಗಾರನ ಕಾಲಿಗೆ ಅಂಗಳ ಪರಿಚಯವಾಗುತ್ತದೆ. ಸ್ನೇಹಪಂದ್ಯಗಳನ್ನು ಊರೂರಿಗೆ ಒಯ್ಯಬಹುದು, ಅಂಕಗಳ ಪಂದ್ಯಗಳಿಗೆ ಸ್ಥಿರತೆ ಬೇಕು.

ಅಂಗಳದ ಹೆಸರನ್ನು ಸೂಚಿಸುವ ಹಕ್ಕು ತವರು ದೇಶದ ಒಕ್ಕೂಟದ್ದಾದರೂ, ಅದನ್ನು ಒಪ್ಪಬೇಕಾದದ್ದು ಏಷ್ಯಾ ಫುಟ್‌ಬಾಲ್ ಒಕ್ಕೂಟ. ಹುಲ್ಲುಹಾಸು ಸಾಮಾನ್ಯವಾಗಿ 105 ಮೀಟರ್ ಉದ್ದ, 68 ಮೀಟರ್ ಅಗಲವಿರಬೇಕು; ಹೊನಲು ಬೆಳಕು ಸಾಕಷ್ಟು ಪ್ರಖರವಾಗಿರಬೇಕು, ಈ ಪ್ರಖರತೆಯನ್ನು ಲಕ್ಸ್ ಎಂಬ ಮಾನದಲ್ಲಿ ಅಳೆಯುತ್ತಾರೆ; ಉಡುಗೆ ಕೋಣೆ, ಆಸ್ಪತ್ರೆ, ಹೋಟೆಲು, ವಿಮಾನ ನಿಲ್ದಾಣ ಇವೆಲ್ಲ ಅನುಕೂಲದ ದೂರದಲ್ಲಿರಬೇಕು. ತುರೋರಿಯಂಥ ಊರಿನ ಸಮೀಪ ಎಷ್ಟು ವಿಶಾಲ ಬಯಲಿದ್ದರೂ ಇಂಥ ಪಂದ್ಯ ಬರಲಾರದ್ದು, ಮಹಾನಗರಗಳಿಗೇ ಅದು ಮೀಸಲಾಗುವುದು ಈ ಕಾರಣಗಳಿಂದ.

2018ರ ವಿಶ್ವಕಪ್ಪಿನ ಅರ್ಹತಾ ಸುತ್ತಿನಲ್ಲಿ ಬೆಂಗಳೂರಿನ ಸರದಿ ಮತ್ತೆ ಬಂತು. ನೇಪಾಳವನ್ನು ಗುವಾಹಟಿಯಲ್ಲಿ ಸೋಲಿಸಿದ ಮೇಲೆ, 2015ರ ಜೂನ್ 11ರಂದು ಒಮಾನ್, ಸೆಪ್ಟೆಂಬರ್ 8ರಂದು ಇರಾನ್, ನವೆಂಬರ್ 12ರಂದು ಗುವಾಮ್ ತಂಡಗಳನ್ನು ಭಾರತ ಕಂಠೀರವದಲ್ಲಿ ಎದುರಿಸಿತು. ಮೊದಲೆರಡರಲ್ಲಿ ಸೋಲು, ಮೂರನೆಯದರಲ್ಲಿ ಗೆಲುವು. 2013ರಲ್ಲಿ ಸ್ಥಾಪನೆಯಾದ ಬೆಂಗಳೂರು ಎಫ್‌ಸಿ ಕ್ಲಬ್ ಆ ವೇಳೆಗೆ ಕಂಠೀರವವನ್ನು ತನ್ನ ಮನೆ ಮಾಡಿಕೊಂಡಿದ್ದರಿಂದ, ರಾಷ್ಟ್ರೀಯ ನಾಯಕ ಸುನಿಲ್ ಛೆಟ್ರಿಗೆ ಅದು ದಿನನಿತ್ಯದ ಅಂಗಳ. ಇದರ ಫಲ 2017ರಲ್ಲಿ ಕಾಣಿಸಿತು. ಏಷ್ಯಾ ಕಪ್ ಅರ್ಹತಾ ಪಂದ್ಯದಲ್ಲಿ ಜೂನ್ 13ರಂದು ಅದೇ ಅಂಗಳದಲ್ಲಿ ಕಿರ್ಗಿಜ್ ಗಣರಾಜ್ಯದ ವಿರುದ್ಧ ಛೆಟ್ರಿ ಹೊಡೆದ ಒಂದೇ ಗೋಲು ಗೆಲುವು ತಂದಿತು. ಅಕ್ಟೋಬರ್ 11ರಂದು ಅಲ್ಲಿಯೇ ಮಕಾವುವನ್ನು 4-1ರಿಂದ ಸೋಲಿಸಿ, ಇನ್ನೂ ಎರಡು ಪಂದ್ಯಗಳಿರುವಾಗಲೇ ಭಾರತ 2019ರ ಏಷ್ಯಾ ಕಪ್ಪಿಗೆ ಅರ್ಹತೆ ಪಡೆಯಿತು. ಆ ಅಕ್ಟೋಬರಿನಲ್ಲಿಯೇ 17 ವರ್ಷದೊಳಗಿನವರ ವಿಶ್ವಕಪ್ ದೆಹಲಿ, ನವಿ ಮುಂಬಯಿ, ಗೋವಾ, ಕೊಚ್ಚಿ, ಕೋಲ್ಕತ್ತಾ, ಗುವಾಹಟಿಗಳ ಅಂಗಳಗಳನ್ನು ಹಿಡಿದುಕೊಂಡಿತ್ತು. ಆ ಆರರಲ್ಲಿ ಬೆಂಗಳೂರು ಇರಲಿಲ್ಲ.

ತಟಸ್ಥ ಅಂಗಳದ ಕಹಿಯನ್ನೂ ಬೆಂಗಳೂರು ಉಂಡಿದೆ. 2016ರಲ್ಲಿ ಏಷ್ಯಾದ ಕ್ಲಬ್ಬುಗಳ ಸ್ಪರ್ಧೆಯಾದ ಎಎಫ್‌ಸಿ ಕಪ್ಪಿನ ಅಂತಿಮ ಪಂದ್ಯಕ್ಕೆ ತಲುಪಿದ ಮೊದಲ ಭಾರತೀಯ ಕ್ಲಬ್ಬಾದ ಬೆಂಗಳೂರು ಎಫ್‌ಸಿ, ಇರಾಕಿನ ವಾಯುಪಡೆ ತಂಡವನ್ನು ದೋಹಾದಲ್ಲಿ ಎದುರಿಸಿತು, ಏಕೆಂದರೆ ಯುದ್ಧದಿಂದ ಜರ್ಜರಿತವಾದ ಇರಾಕಿನ ಕ್ಲಬ್ಬು ತನ್ನ ತವರು ಪಂದ್ಯಗಳನ್ನು ಅಲ್ಲಿ ಆಡುತ್ತಿತ್ತು. ಒಂದು ಗೋಲಿನಿಂದ ಕಪ್ ಹೋಯಿತು. ಅಫ್ಘಾನಿಸ್ತಾನವೂ ಹೀಗೆಯೇ ಭಾರತವನ್ನು 2019ರಲ್ಲಿ ತಾಜಿಕಿಸ್ತಾನದ ದುಶಾನ್ಬೆಯ ಕೃತಕ ಹುಲ್ಲಿನ ಮೇಲೆ, 2024ರಲ್ಲಿ ಸೌದಿ ಅರೇಬಿಯಾದ ಅಭಾದಲ್ಲಿ ‘ತವರಿಗೆ’ ಕರೆಯಿತು. ಸ್ವಂತ ನೆಲದಲ್ಲಿ ಆಡಲಾಗದ ಆಟಗಾರರ ಸ್ಥಿತಿಯ ಮುಂದೆ ಭಾರತದ ಅಂಗಳಗಳ ತೊಡಕುಗಳು ಚಿಕ್ಕವೇ.

2022 ಮತ್ತು 2026ರ ವಿಶ್ವಕಪ್ಪುಗಳ ಅರ್ಹತಾ ಸುತ್ತಿನಲ್ಲಿ ಬೆಂಗಳೂರಿಗೆ ಒಂದು ಪಂದ್ಯವೂ ಬರಲಿಲ್ಲ. ಗುವಾಹಟಿ, ಕೋಲ್ಕತ್ತಾ, ಭುವನೇಶ್ವರಗಳು ಅವನ್ನು ಹಂಚಿಕೊಂಡವು. 2020ರ ಮಾರ್ಚಿನಲ್ಲಿ ಭುವನೇಶ್ವರದಲ್ಲಿ ಆಗಬೇಕಿದ್ದ ಕತಾರ್ ಪಂದ್ಯ ಕೊರೊನಾದಿಂದ ಮುಂದೆ ಹೋಗಿ, ಗುಂಪಿನ ಉಳಿದೆಲ್ಲ ಪಂದ್ಯಗಳೂ 2021ರ ಜೂನಿನಲ್ಲಿ ದೋಹಾದಲ್ಲಿ ನಡೆದುದರಿಂದ, ಬಿಟ್ಟುಹೋದ ಒಂದೂರಿನ ಪದ್ಧತಿ ಅನಿವಾರ್ಯವಾಗಿ ಮರಳಿತು. ಕಂಠೀರವದ ಕೊರತೆಗಳೂ ಇವೆ: ಅದು ಮೂಲತಃ ಅಥ್ಲೆಟಿಕ್ಸ್ ಅಂಗಳ, ಓಟದ ಟ್ರ್ಯಾಕು ಪ್ರೇಕ್ಷಕರನ್ನು ಆಟದಿಂದ ದೂರವಿರಿಸುತ್ತದೆ, ಪಂದ್ಯದ ದಿನಗಳಲ್ಲಿ ಓಟಗಾರರ ಅಭ್ಯಾಸ ನಿಲ್ಲುವುದರಿಂದ ಅವರ ದೂರು ನ್ಯಾಯವಾದದ್ದೇ. ಬೆಂಗಳೂರಿನಂಥ ನಗರಕ್ಕೆ ಫುಟ್‌ಬಾಲಿಗೇ ಮೀಸಲಾದ, ಅಂತರರಾಷ್ಟ್ರೀಯ ಮಟ್ಟದ ದೊಡ್ಡ ಅಂಗಳ ಬೇಕು.

ದಿನಾಂಕದ ವಿಷಯದಲ್ಲಿ ಯಾವ ದೇಶಕ್ಕೂ ಹೆಚ್ಚು ಸ್ವಾತಂತ್ರ್ಯ ಉಳಿದಿಲ್ಲ. ಕ್ಲಬ್ಬುಗಳು ತಮ್ಮ ಆಟಗಾರರನ್ನು ರಾಷ್ಟ್ರೀಯ ತಂಡಕ್ಕೆ ಕಡ್ಡಾಯವಾಗಿ ಬಿಟ್ಟುಕೊಡಬೇಕಾದ ದಿನಗಳನ್ನು ಫಿಫಾ ಮೊದಲೇ ಗೊತ್ತುಪಡಿಸುತ್ತದೆ. ಮಾರ್ಚ್, ಜೂನ್, ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್ ತಿಂಗಳುಗಳ ಈ ಅವಧಿಗಳೊಳಗೇ ಅರ್ಹತಾ ಪಂದ್ಯಗಳು ನಡೆಯಬೇಕು. ಯೂರೋಪಿನ ಲೀಗುಗಳ ಅನುಕೂಲ ನೋಡಿ ಹೆಣೆದ ಈ ಪಂಚಾಂಗ ಮುಂಗಾರನ್ನು ಅರಿಯದು. ಜೂನಿನ ಪಂದ್ಯವೆಂದರೆ ಕೊಚ್ಚಿ, ಗೋವೆ, ಗುವಾಹಟಿಗಳಲ್ಲಿ ಜಡಿಮಳೆ. ಆಗ ಬೆಂಗಳೂರು ಹೆಚ್ಚು ಸುರಕ್ಷಿತ. 2026ರಿಂದ ಸೆಪ್ಟೆಂಬರ್ ಮತ್ತು ಅಕ್ಟೋಬರ್ ಅವಧಿಗಳನ್ನು ಫಿಫಾ ಒಂದುಗೂಡಿಸಿದ್ದು, ಸೆಪ್ಟೆಂಬರ್ 21ರಿಂದ ಅಕ್ಟೋಬರ್ 6ರವರೆಗಿನ 16 ದಿನಗಳಲ್ಲಿ ತಂಡವೊಂದು ನಾಲ್ಕು ಪಂದ್ಯಗಳನ್ನು ಆಡಬಹುದು. ಬೆಂಗಳೂರಿನಲ್ಲಿ ಅತಿ ಹೆಚ್ಚು ಮಳೆ ಸುರಿಯುವ ತಿಂಗಳುಗಳಲ್ಲಿ ಸೆಪ್ಟೆಂಬರ್ ಮತ್ತು ಅಕ್ಟೋಬರ್ ಸೇರಿರುವುದರಿಂದ, ಈ ಹೊಸ ಅವಧಿಗೆ ತವರು ಅಂಗಳವನ್ನು ಸೂಚಿಸುವವರು ನೀರು ಬೇಗ ಬಸಿದುಹೋಗುವ ಹುಲ್ಲುಹಾಸನ್ನೇ ಮೊದಲು ನೋಡಬೇಕಾಗುತ್ತದೆ.